ಮದ್ದಳೆಗೆ ಅಡ್ಡ ಬಂದ ಫ್ಯಾನ್

"ತಿಲಕಾ, ಈ ಕಂಪ್ಯೂಟರಿನ ಫ್ಯಾನಿನ ಗಲಾಟೆಯಲ್ಲಿ ಮದ್ದಳೆ ಕೇಳುದೇ ಇಲ್ಲ ಮಾರಾಯ," ಎಂದು ಭಾಂಡುಪ್‌ನ ನಮ್ಮ ಮನೆಯಲ್ಲಿ ಯಕ್ಷಗಾನದ ವಿಡಿಯೋ ನೋಡುತ್ತಾ, ತಮ್ಮ ಮರದ ಕುರ್ಚಿಯ ಕೈ ಮೇಲೆ ಬೆರಳಲ್ಲಿ ತಾಳ ಹಾಕುತ್ತಾ ಅಪ್ಪ ಗೊಣಗುತ್ತಿದ್ದರು. ಫ್ಯಾನೇ ಬೇಡದ ಪ್ರೊಸೆಸರ್, ಬಿಸಿ ಹೀರುವ ದೊಡ್ಡ ಹೀಟ್‌ಸಿಂಕ್ ಎಂದು ನಾನು ಆರಿಸುತ್ತಲೇ ಕುಳಿತೆ, ಅಪ್ಪ ಕಾಯಲಿಲ್ಲ.

ಉತ್ತರಕ್ರಿಯೆ ಮುಗಿದ ಮೇಲೆ ಹೊಸ ಕಂಪ್ಯೂಟರ್ ಜೋಡಿಸಿ, ಅವರ ಮೆಚ್ಚಿನ ಪ್ರಸಂಗ ಹಾಕಿದೆ. ಯಂತ್ರದ್ದು ಒಂದಿಷ್ಟೂ ಸದ್ದಿಲ್ಲ. ಆಗ, ಮರದ ಮೇಲೆ ಬೆರಳು ತಾಳ ಹಾಕುವುದು ಕೇಳಿಸಿತು. ವಿಡಿಯೋ ನಿಲ್ಲಿಸಿದರೂ ತಾಳ ನಿಲ್ಲಲಿಲ್ಲ. ಅಪ್ಪನ ಕುರ್ಚಿಯನ್ನು ಆಗಲೇ ವಾಚ್‌ಮನ್‌ಗೆ ಕೊಟ್ಟಾಗಿತ್ತು.

"ನಂಗೆ ಹೆದರಿಕೆ ಆಗ್ತದೆ, ಕಂಪ್ಯೂಟರಿಗೆ ಒಂದು ಫ್ಯಾನ್ ಹಾಕಿಬಿಡಿ, ಆ ತಾಳ ಕೇಳುದು ಬೇಡ," ಎಂದಳು ಹೆಂಡತಿ ನಮಿತಾ.

ಹಾಕಿದೆ. ಹಾಕಬಾರದಿತ್ತು.

ಈಗ ಮದ್ದಳೆ ಶುರುವಾದೊಡನೆ ಆ ಫ್ಯಾನ್ ತಾನಾಗಿ ನಿಲ್ಲುತ್ತದೆ. ನಾನು ಕಿವಿಗೊಟ್ಟು ಕೂರುತ್ತೇನೆ. ತಾಳ ಮಾತ್ರ ಮತ್ತೆ ಕೇಳಿಸಿಲ್ಲ.