ಮಂಗಳವಾರದ ಪಾಟ್ ನೂಡಲ್

"ಎಲೆಕೋಸು ಯಾರಿಗೆ, ಮಿಸ್?"

ಅಂಗಡಿಯ ಬಿಲ್ ಕೌಂಟರಿನ ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದವರು ಯಾರೋ ಕೇಳಿದರು. ನಾನು ತಿರುಗಲಿಲ್ಲ. ನಮ್ಮ ಕಣಿವೆಯ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಅಡುಗೆ ಕಲಿಸಿದವಳು ನಾನು, ನೆರಿಸ್ ಪ್ರಾಸರ್. ನನಗಿಂತ ದೊಡ್ಡವರೂ ನನ್ನನ್ನು ಮಿಸ್ ಎಂದೇ ಕರೆಯುತ್ತಾರೆ. ಆ ಕರೆ ಕಿವಿಗೆ ಬೀಳಬಾರದೆಂದೇ ಗುಡ್ಡ ದಾಟಿ, ಬಸ್ ಹಿಡಿದು ಬ್ಲ್ಯಾಕ್‌ವುಡ್‌ಗೆ ಬಂದಿದ್ದೆ.

"ನನಗೇ," ಎಂದೆ.

"ಹಾಗಾದ್ರೆ ಅದರ ಕೆಳಗೆ ಅಡಗಿ ಕೂತಿರೋ ಮೂರು ಜನ?"

ಬುಟ್ಟಿ ನೋಡಿಕೊಂಡೆ. ಕೋಸು ಒಂದು ಕಡೆಗೆ ಉರುಳಿ ಮೂರು ಪಾಟ್ ನೂಡಲ್‌ಗಳು ಇಣುಕುತ್ತಿದ್ದವು. ಚಿಕನ್ ಮತ್ತು ಅಣಬೆಯದು. ಪ್ಲಾಸ್ಟಿಕ್ ಕಪ್ಪಿನೊಳಗೆ ಒಣಗಿದ ನೂಡಲ್ಸು, ಒಂದಿಷ್ಟು ಪುಡಿ, ಸಾಸಿನ ಪುಟ್ಟ ಪೊಟ್ಟಣ. ಕುದಿಯುವ ನೀರು ಹುಯ್ದರೆ ಊಟ ಮುಗಿಯಿತು. ಹಾಸ್ಟೆಲ್ ಹುಡುಗರು, ಕುಡುಕರು, ಹೆಂಡತಿ ಬಿಟ್ಟುಹೋದ ಗಂಡಸರು ತಿನ್ನುವ ತಿಂಡಿ ಎಂದು ಟಿ.ವಿ.ಯಲ್ಲಿ ಹಾಸ್ಯ ಮಾಡುತ್ತಾರೆ, ಇಡೀ ದೇಶ ನಗುತ್ತದೆ. ಆ ನಗೆಯಲ್ಲಿ ನನ್ನ ಪಾಲೂ ಇತ್ತು. ನಮ್ಮ ಶಾಲೆಯ ಗೇಟಿನೊಳಗೆ ಅದು ಬರಬಾರದೆಂದು ಹಟ ಹಿಡಿದು ನಿಲ್ಲಿಸಿದವಳು ನಾನೇ.

ತಿರುಗಿದೆ. ಉದ್ದನೆಯ ಮನುಷ್ಯ, ಅರವತ್ತರ ಹತ್ತಿರ. ಬಿಳಿ ಹುಬ್ಬು, ಹುಬ್ಬಿನ ಕೆಳಗೆ ನಗುವುದಕ್ಕೆ ಕಾರಣ ಹುಡುಕುತ್ತಿರುವ ಕಣ್ಣು.

"ಎಮ್ಲಿನ್ ಪ್ಯಾರಿ, ನಿಮ್ಮೂರಿನವನೇ, ಮೇಲಿನ ಬೀದಿ," ಎಂದ. "ಅದನ್ನ ತಯಾರಿಸೋ ಕಾರ್ಖಾನೇಲಿ ಮೂವತ್ತೊಂದು ವರ್ಷ ಇದ್ದೆ. ಹೆದರಬೇಡಿ, ಯಾರಿಗೂ ಹೇಳಲ್ಲ."

ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಆಗ ನನಗೆ ಏನೂ ಆಗುತ್ತಿರಲಿಲ್ಲ.

*

ನನ್ನ ಗಂಡ ಗ್ವಿಲಿಮ್ ತೀರಿಹೋಗಿ ಹದಿನಾಲ್ಕು ತಿಂಗಳಾಗಿತ್ತು. ಪಿಯಾನೋಗಳ ಶ್ರುತಿ ಸರಿಮಾಡುತ್ತಿದ್ದ ಸದ್ದಿಲ್ಲದ ಮನುಷ್ಯ. ನಾನು ಮಾಡಿದ್ದನ್ನೆಲ್ಲ ಕಣ್ಣು ಮುಚ್ಚಿಕೊಂಡು ತಿನ್ನುತ್ತಿದ್ದ.

ಅಳು ಬಂದಿದ್ದರೆ ಅತ್ತು ಮುಗಿಸುತ್ತಿದ್ದೆ. ಬರಲಿಲ್ಲ. ಹಲ್ಲು ಕೀಳುವ ಮುಂಚೆ ಡಾಕ್ಟರು ಸೂಜಿ ಚುಚ್ಚಿದ ಮೇಲೆ ದವಡೆ ಇರುತ್ತದಲ್ಲ, ಹಾಗೆ ಇತ್ತು ನನ್ನ ಒಳಗು. ಮುಟ್ಟಿದರೆ ಗೊತ್ತಾಗುತ್ತದೆ, ಆದರೆ ಬೇರೆ ಯಾರದೋ ದವಡೆ.

ಒಬ್ಬಳಿಗೇ ಅಡುಗೆ ಮಾಡಲು ಕೈ ಬರುತ್ತಿರಲಿಲ್ಲ. ಆಲೂಗಡ್ಡೆ ಸಿಪ್ಪೆ ಸುಲಿದು, ಬೇಯಿಸಿ, ನೋಡಿ, ಚೆಲ್ಲುತ್ತಿದ್ದೆ. ಒಂದು ದಿನ ರೈಲ್ವೆ ನಿಲ್ದಾಣದಲ್ಲಿ ಏನೂ ಯೋಚಿಸದೆ ಒಂದು ಪಾಟ್ ನೂಡಲ್ ಕೊಂಡು ತಿಂದೆ. ನೀರು ಹುಯ್ದು ನಾಲ್ಕು ನಿಮಿಷ ಕಾಯಬೇಕು. ನಾಲ್ಕು ನಿಮಿಷ ನನ್ನಿಂದ ಸಾಧ್ಯವಿತ್ತು. ಅದಕ್ಕಿಂತ ಹೆಚ್ಚು ಕಾಯಬೇಕಾದ ಯಾವ ಊಟವೂ ಸಾಧ್ಯವಿರಲಿಲ್ಲ.

ಆಮೇಲಿಂದ ಪ್ರತಿ ಮಂಗಳವಾರ ಬ್ಲ್ಯಾಕ್‌ವುಡ್.

*

ಮುಂದಿನ ಮಂಗಳವಾರ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಎಮ್ಲಿನ್ ಕೂತಿದ್ದ, ತೊಡೆಯ ಮೇಲೆ ಫ್ಲಾಸ್ಕು ಇಟ್ಟುಕೊಂಡು.

"ಬಸ್ಸಿಗೆ ಇನ್ನೂ ನಲವತ್ತು ನಿಮಿಷ ಇದೆ, ಮಿಸ್. ನೀರು ತಂದಿದ್ದೀನಿ."

"ಇಲ್ಲೇನಾ? ಬೀದೀಲಿ?"

"ಬ್ಲ್ಯಾಕ್‌ವುಡ್‌ನಲ್ಲಿ ನಿಮ್ಮನ್ನ ಗುರುತು ಹಿಡಿಯೋನು ನಾನೊಬ್ಬನೇ. ನನ್ನ ಬಾಯಿ ನೂಡಲ್ಸಿಂದ ತುಂಬಿರುತ್ತೆ."

ಕೂತೆ. ಬೇಡವೆನ್ನಲೂ ಶ್ರಮ ಬೇಕು. ಆತ ನೀರು ಹುಯ್ದ, ಒಳಗಿನ ಗೆರೆಯವರೆಗೆ, ಒಂದು ಹನಿ ಹೆಚ್ಚಿಲ್ಲದಂತೆ. ಫೋರ್ಕಿಗೆ ಕೈ ಹಾಕಿದೆ. ಆತ ತಡೆದ.

"ಎರಡು ನಿಮಿಷ ಆದ ಮೇಲೆ ಒಂದ್ಸಲ ಕಲಕಬೇಕು. ಆಮೇಲೆ ಮತ್ತೆ ಎರಡು ನಿಮಿಷ. ಫ್ಲಾಸ್ಕಿನ ನೀರಾದ್ರೆ ಮೂರು. ನೀವು ಮಧ್ಯದಲ್ಲಿ ಕಲಕೋದೇ ಇಲ್ಲ, ಅಲ್ವಾ?"

"ಇಲ್ಲ."

"ಅದಕ್ಕೇ ತಳದಲ್ಲಿ ಪುಡಿ ಗಂಟು ಕಟ್ಟುತ್ತೆ."

"ನನಗೆ ಅಡುಗೆ ಹೇಳಿಕೊಡ್ತಿದ್ದೀರಾ, ಮಿಸ್ಟರ್ ಪ್ಯಾರಿ?"

"ಯಾರಾದ್ರೂ ಹೇಳಿಕೊಡಬೇಕಲ್ಲ, ಮಿಸ್."

ಕಣ್ಣಂಚಿನಲ್ಲಿ ನನ್ನನ್ನು ನೋಡಿದ. ನಗುತ್ತೇನೋ ಇಲ್ಲವೋ ಎಂದು ಲೆಕ್ಕ ಹಾಕುತ್ತಿದ್ದ. ನಾನು ನಗಲಿಲ್ಲ. ಆತ ಬೇಸರ ಮಾಡಿಕೊಳ್ಳಲಿಲ್ಲ. ಸಾಸಿನ ಪೊಟ್ಟಣ ಹರಿದು ನನ್ನ ಕಪ್ಪಿಗೆ ಹಿಂಡಿದ, ತನ್ನದಕ್ಕಿಂತ ಮೊದಲು.

ಹಾಗೆ ಏಪ್ರಿಲ್ ಕಳೆಯಿತು. ಬೇಸಿಗೆ ಬಂದು ಹೋಯಿತು. ಕಣಿವೆಯ ಕಲ್ಲಿದ್ದಲು ಗಣಿಗಳು ಮುಚ್ಚಿದ ಮೇಲೆ ತನ್ನ ಬೀದಿಯ ಅರ್ಧ ಮನೆಗಳ ಒಲೆ ಉರಿದದ್ದು ಆ ಕಾರ್ಖಾನೆಯಿಂದ ಎಂದು ಒಮ್ಮೆ ಹೇಳಿದ. "ಲಂಡನ್ನಿನವರು ನಗಲಿ ಬಿಡಿ. ನಕ್ಕೋರೂ ತಿಂತಾರೆ, ಪರದೆ ಎಳ್ಕೊಂಡು." ಹೆಂಡತಿ ಬಿಟ್ಟುಹೋದದ್ದನ್ನು ಇನ್ನೊಮ್ಮೆ ಹೇಳಿದ, ಬಸ್ಸು ತಡವಾಯಿತು ಎನ್ನುವ ದನಿಯಲ್ಲಿ. ಲೌರಿ ಎಂಬ ಮಗಳನ್ನು ಒಬ್ಬನೇ ಬೆಳೆಸಿದ್ದ. ಈಗ ಅವಳು ಕಾರ್ಡಿಫ್‌ನಲ್ಲಿ ನರ್ಸು.

"ನಿಮ್ಮ ಕ್ಲಾಸಲ್ಲೇ ಇದ್ಲು," ಎಂದ.

"ನೆನಪಾಗ್ತಿಲ್ಲ."

"ಎಷ್ಟು ಜನರನ್ನ ಅಂತ ನೆನಪಿಟ್ಕೊಳ್ತೀರಿ," ಎಂದು ಗುಡ್ಡದ ಕಡೆ ನೋಡಿದ.

ಗ್ವಿಲಿಮ್ ಬಗ್ಗೆ ಆತ ಒಂದು ಸಲವೂ ಕೇಳಲಿಲ್ಲ. ಹೇಗಿದ್ದೀರಿ ಎಂದೂ ಕೇಳಲಿಲ್ಲ. ಅದಕ್ಕೇ ಹೋಗುತ್ತಿದ್ದೆ, ಅಥವಾ ಅದಕ್ಕೇ ಎಂದುಕೊಂಡಿದ್ದೆ. ಗಾಳಿ ಬೀಸಿದಾಗ ಎದ್ದು ನನ್ನ ಈ ಕಡೆಯಿಂದ ಆ ಕಡೆಗೆ ಬಂದು ಕೂರುತ್ತಿದ್ದ. ಯಾಕೆಂದು ಹೇಳುತ್ತಿರಲಿಲ್ಲ. ಗಾಳಿ ಆ ಕಡೆಯಿಂದ ಬರುತ್ತದೆಂದು ನನಗೆ ಹೊಳೆದದ್ದು ಸೆಪ್ಟೆಂಬರಿನಲ್ಲಿ.

*

ಅಕ್ಟೋಬರಿನಲ್ಲಿ ನಮ್ಮೂರ ಪೋಸ್ಟಾಫೀಸಿನ ಮುಂದೆ ಡಿಲಿಸ್ ನನ್ನ ತೋಳು ಹಿಡಿದು ನಿಲ್ಲಿಸಿದಳು. ಡಿಲಿಸ್ ಗ್ವಿಲಿಮ್‌ನ ಅಕ್ಕ. ಅವಳಿಗೆ ಒಂದು ಸುದ್ದಿ ಗೊತ್ತಾದರೆ ಮಧ್ಯಾಹ್ನದೊಳಗೆ ಚರ್ಚಿಗೆಲ್ಲ ಗೊತ್ತಾಗುತ್ತದೆ.

"ನೆರಿಸ್, ನಿಜಾನೇನೇ? ಬ್ಲ್ಯಾಕ್‌ವುಡ್ ಬಸ್ ಸ್ಟ್ಯಾಂಡಲ್ಲಿ ಒಬ್ಬ ಗಂಡಸಿನ ಜೊತೆ ಕೂತ್ಕೊಂಡು..."

"ಕೂತಿದ್ದರೆ ಏನು, ಡಿಲಿಸ್?"

"ಅಯ್ಯೋ, ಗಂಡಸಾದ್ರೆ ಹೋಗ್ಲಿ ಬಿಡು! ನಿನಗೂ ವಯಸ್ಸಾಯ್ತು, ಒಂಟಿ. ಪಾಟ್ ನೂಡಲ್ ತಿಂತಿದ್ದೆ ಅಂತಲ್ಲೇ! ಅದೂ ನೀನು! ಪ್ಲಾಸ್ಟಿಕ್ ಫೋರ್ಕಲ್ಲಿ! ನನ್ನ ತಮ್ಮ ಇದ್ದಿದ್ರೆ ಏನಂತಿದ್ದ?"

ಪೋಸ್ಟಾಫೀಸಿನ ಸಾಲಿನಲ್ಲಿದ್ದ ಇಬ್ಬರು ಹೆಂಗಸರು ತಿರುಗಿ ನೋಡಿದರು. ಇಬ್ಬರಿಗೂ ನಾನೇ ಪೇಸ್ಟ್ರಿ ಹಿಟ್ಟು ನಾದಲು ಕಲಿಸಿದ್ದೆ. ನನ್ನ ಬಾಯಿ ತಾನಾಗಿ ತೆರೆದುಕೊಂಡಿತು. ಕ್ಲಾಸಿನಲ್ಲಿ ಬರುತ್ತಿದ್ದ ದನಿಯೇ ಬಂತು.

"ತಿನ್ನುತ್ತಿದ್ದವರು ಅವರು, ನಾನಲ್ಲ. ಪಾಪ, ಒಂಟಿ ಮನುಷ್ಯ. ಅದು ಬೇಯಿಸಿ ಹಾಕೋರು ಯಾರೂ ಇಲ್ಲದವರು ತಿನ್ನೋದು. ಜೊತೆಗೆ ಕೂತಿದ್ದೆ, ಅಷ್ಟೆ."

ಡಿಲಿಸ್‌ನ ಮುಖ ನಿರಾಳವಾಯಿತು. ಅವಳ ಭುಜದಾಚೆ, ಮಾಂಸದಂಗಡಿಯ ಬಾಗಿಲಲ್ಲಿ, ಕಾಗದದ ಪೊಟ್ಟಣ ಹಿಡಿದು ಎಮ್ಲಿನ್ ನಿಂತಿದ್ದ.

ಟೋಪಿ ಎತ್ತಿದ. "ನಮಸ್ಕಾರ, ಮಿಸ್," ಎಂದು ಇಳಿಜಾರಿನಲ್ಲಿ ನಡೆದುಹೋದ.

*

ಆ ಮಂಗಳವಾರ ಆತ ಬರಲಿಲ್ಲ. ಮರು ಮಂಗಳವಾರವೂ ಬರಲಿಲ್ಲ. ಬೆಂಚಿನ ಮೇಲೆ ಒಬ್ಬಳೇ ಕೂತು ನಲವತ್ತು ನಿಮಿಷ ಕಳೆದೆ. ನೋವಾಯಿತೇ ಎಂದು ನನ್ನನ್ನು ನಾನೇ ಕೇಳಿಕೊಂಡೆ. ಬಸ್ಸು ಬಂದು, ಬಾಗಿಲು ತೆರೆದು, ಡ್ರೈವರು "ಹತ್ತುತ್ತೀರೇನಮ್ಮಾ?" ಎಂದು ಕೇಳಿ, ಬಾಗಿಲು ಮುಚ್ಚಿಕೊಂಡು ಹೊರಟುಹೋಯಿತು. ನಾನು ಕೂತೇ ಇದ್ದೆ.

ಮೂರನೆಯ ವಾರ ಬ್ಲ್ಯಾಕ್‌ವುಡ್‌ಗೆ ಹೋಗದೆ ಅವನ ಬೀದಿ ಹತ್ತಿದೆ. ನವೆಂಬರಿನ ಮಧ್ಯಾಹ್ನ, ಗುಡ್ಡದ ಮೇಲೆ ಮಂಜು. ಒಂದಕ್ಕೊಂದು ಅಂಟಿಕೊಂಡ ಮನೆಗಳ ಸಾಲಿನ ಕೊನೆಯಲ್ಲಿ, ಬಾಗಿಲ ಮುಂದಿನ ಕಲ್ಲಿನ ಮೆಟ್ಟಿಲ ಮೇಲೆ ಕೂತು ಬೂಟಿಗೆ ಪಾಲಿಶ್ ಹಾಕುತ್ತಿದ್ದ. ನನ್ನನ್ನು ನೋಡಿ ಕೈ ನಿಲ್ಲಿಸಲಿಲ್ಲ.

"ಪೋಸ್ಟಾಫೀಸಿನ ಹತ್ರ ನಾನು ಸುಳ್ಳು ಹೇಳಿದೆ," ಎಂದೆ.

"ಸುಳ್ಳಿಗೆ ನನಗೆ ಬೇಜಾರಿಲ್ಲ. ಆ ಮಾತನ್ನ ನಾನು ಮೊದಲೂ ಒಮ್ಮೆ ಕೇಳಿದ್ದೆ."

"ಯಾವಾಗ?"

"ಹತ್ತೊಂಬತ್ತು ವರ್ಷ ಆಯ್ತು. ಹೆಂಡತಿ ಹೋದ ವರ್ಷ. ಅಪ್ಪ ಮಾಡೋದು ಅಂತ ಲೌರಿ ಹೆಮ್ಮೆಯಿಂದ ನಾಲ್ಕು ಪಾಟು ಕ್ಲಾಸಿಗೆ ತಂದಿದ್ಲು. ಹನ್ನೊಂದು ವರ್ಷ ಅವಳಿಗೆ. ನಾನು ಅವತ್ತು ಪೋಷಕರ ಸಭೆಗೆ ಬಂದು ಬಾಗಿಲಲ್ಲಿ ನಿಂತಿದ್ದೆ. ನೀವು ಒಂದನ್ನ ಎತ್ತಿ ಹಿಡಿದು ಎಲ್ಲರಿಗೂ ತೋರಿಸಿ ಹೇಳಿದ್ರಿ: ಇದು ಊಟ ಅಲ್ಲ, ಬೇಯಿಸಿ ಹಾಕೋರು ಯಾರೂ ಇಲ್ಲದವರು ತಿನ್ನೋದು."

ಬ್ರಷ್ಷು ಕೆಳಗಿಟ್ಟ.

"ಒಂದು ಪದ ಬದಲಾಗಿಲ್ಲ, ಮಿಸ್."

ನೆನಪಿಗೆ ತಂದುಕೊಳ್ಳಲು ನೋಡಿದೆ. ಆ ಹುಡುಗಿಯ ಮುಖ, ನಾಲ್ಕು ಕಪ್ಪು, ಬಾಗಿಲಲ್ಲಿ ನಿಂತ ಮನುಷ್ಯ. ಏನೂ ಇರಲಿಲ್ಲ. ಒಂದು ಮನೆಯನ್ನು ಮುರಿಯುವಷ್ಟು ದೊಡ್ಡ ಮಾತನ್ನು ಆಡಿ, ಕೈ ತೊಳೆದುಕೊಂಡು, ಮುಂದಿನ ಪಾಠಕ್ಕೆ ಹೋಗಿಬಿಟ್ಟಿದ್ದೆ.

"ನನ್ನದೇ ಮಾತು," ಎಂದೆ. "ನೆನಪಿಲ್ಲ. ಆದ್ರೂ ನನ್ನದೇ. ಅದನ್ನೆಲ್ಲ ಇಟ್ಕೊಂಡು ಏಳು ತಿಂಗಳು ನನ್ನ ಪಕ್ಕ ಯಾಕೆ ಕೂತ್ರಿ?"

ಬೂಟನ್ನು ತಿರುಗಿಸಿ ತಿರುಗಿಸಿ ನೋಡಿದ.

"ಮೊದಲನೇ ದಿನ ನಿಮ್ಮ ಬುಟ್ಟಿ ನೋಡಿ ಖುಷಿಯಾಯ್ತು. ಸುಳ್ಳು ಯಾಕೆ ಹೇಳ್ಲಿ? ಸರಿಯಾಗಿ ಆಯ್ತು ಇವಳಿಗೆ ಅಂದ್ಕೊಂಡೆ. ಕಾಡಿಸೋಣ ಅಂತಲೇ ಕೋಸಿನ ಮಾತು ತೆಗೆದೆ. ಆಮೇಲೆ ನೀವು ತಿರುಗಿದ್ರಿ. ನಿಮ್ಮ ಮುಖ ನೋಡಿದೆ. ಲೌರಿ ಅಮ್ಮ ಹೋದ ಮೇಲೆ ಕನ್ನಡೀಲಿ ನೋಡ್ತಿದ್ದೆನಲ್ಲ, ಅದೇ ಮುಖ. ಮನೇಲಿ ಯಾರೂ ಇಲ್ಲ ಅನ್ನೋ ಮುಖ."

ನಾನು ನಿಂತೇ ಇದ್ದೆ. ಎದುರು ಮನೆಯ ಕಿಟಕಿಯಲ್ಲಿ ಪರದೆ ಸರಿಯಿತು. ಸರಿಯಲಿ ಎನ್ನಿಸಿತು.

"ಲೌರಿಗೆ ಫೋನ್ ಮಾಡ್ತೀನಿ," ಎಂದೆ. "ಕ್ಷಮೆ ಕೇಳ್ತೀನಿ. ಬೈದ್ರೆ ಬೈಸ್ಕೊಳ್ತೀನಿ."

"ಬೈತಾಳೆ. ಅವಳು ನನ್ನ ಥರ ಅಲ್ಲ."

"ಇನ್ನೊಂದು ಹೇಳಬೇಕು. ನನಗೆ ಏನೂ ಅನ್ನಿಸಲ್ಲ, ಎಮ್ಲಿನ್. ಗಂಡ ಸತ್ತಾಗ ಅಳಲಿಲ್ಲ. ನೀವು ಬರದೇ ಹೋದಾಗ್ಲೂ ಅಳಲಿಲ್ಲ. ಪ್ರೀತಿ ಗೀತಿ ಅಂತ ಹೇಳೋಕೆ ಬಂದಿಲ್ಲ, ಅದು ನನ್ನೊಳಗೆ ಇದೆಯೋ ಇಲ್ಲವೋ ನನಗೇ ಗೊತ್ತಿಲ್ಲ. ಆದ್ರೆ ಬುಧವಾರ ಎದ್ದ ತಕ್ಷಣ ಮಂಗಳವಾರಕ್ಕೆ ಎಷ್ಟು ದಿನ ಅಂತ ಎಣಿಸ್ತಿದ್ದೆ. ಈಗ ಯಾವ ದಿನಾನೂ ಎಣಿಸೋ ಹಾಗಿಲ್ಲ. ಇಷ್ಟೇ ನನ್ನ ಹತ್ರ ಇರೋದು. ಇದು ಸಾಕಾಗುತ್ತಾ?"

ಆತ ಬೂಟುಗಳನ್ನು ಪಕ್ಕಕ್ಕೆ ಸರಿಸಿದ. ಮೆಟ್ಟಿಲ ಮೇಲೆ ಒಬ್ಬರು ಕೂರುವಷ್ಟು ಜಾಗವಾಯಿತು. ಕೂತೆ. ನಮ್ಮಿಬ್ಬರ ತೋಳುಗಳು ಕೋಟಿನ ಬಟ್ಟೆಯಷ್ಟೇ ದೂರದಲ್ಲಿದ್ದವು. ಕೆಳಗೆ ಕಣಿವೆಯಲ್ಲಿ ಮಂಜು ಇಳಿದು ಊರಿನ ಚಾವಣಿಗಳು ಒಂದೊಂದಾಗಿ ಕಾಣದಾದವು.

ಆತ ನನ್ನ ಕೈಯನ್ನು ನೋಡಿದ. ಆಮೇಲೆ ಅದನ್ನು ತನ್ನ ಎರಡೂ ಕೈಗಳ ನಡುವೆ ತೆಗೆದುಕೊಂಡ. ಪಾಲಿಶಿನ ಕಪ್ಪು ನನ್ನ ಬೆರಳಿಗೂ ಹತ್ತಿತು.

"ನೆರಿಸ್," ಎಂದ. ಮಿಸ್ ಅನ್ನಲಿಲ್ಲ. "ನಿನಗೆ ಚಳಿಯಾಗ್ತಿದೆ."

ಇಲ್ಲ ಎನ್ನಲು ಹೊರಟೆ. ಹಲ್ಲುಗಳು ಕಟಕಟ ಎನ್ನುತ್ತಿದ್ದವು. ಪಾದಗಳು ಮರಗಟ್ಟಿದ್ದವು. ಎಷ್ಟು ಹೊತ್ತಿನಿಂದಲೋ, ಎಷ್ಟು ತಿಂಗಳಿನಿಂದಲೋ.

"ಹೌದು," ಎಂದೆ. "ತುಂಬಾ ಚಳಿ. ಎಮ್ಲಿನ್, ನನಗೆ ತುಂಬಾ ಚಳಿ."

"ಒಳಗೆ ಬಾ," ಎಂದು ಎದ್ದು ಬಾಗಿಲು ದೂಡಿದ.