ನಲವತ್ತಕ್ಕೆ ನಲವತ್ತು

ಪಿಸ್ತೂಲಿನ ಬಾಯಿ ನನ್ನ ಕಿವಿಯ ಹಿಂದೆ ಒತ್ತಿತು. ತಣ್ಣಗಿತ್ತು.

"ಪಟ್ಟಿ ಕೊಡು, ನೋಲ್ವಿಯಾ."

ಎವರಿಸ್ತೋ! ಬೆಟ್ಟದ ರಸ್ತೆಗೆ ಮರ ಉರುಳಿಸಿ ನನ್ನ ಪಿಕಪ್ ನಿಲ್ಲಿಸಿದ್ದ. ಕಿಟಕಿಯ ಪಕ್ಕ ಅವನು. ಹಿಂದೆ ಮೂರು ಬೈಕು, ಐದು ಮಚ್ಚು. ಬೈಕಿನವರು ಊರಿಂದಲೇ ನಮ್ಮನ್ನು ಅಟ್ಟಿಸಿಕೊಂಡು ಬಂದಿದ್ದರು. ನನ್ನ ಪಕ್ಕದ ಸೀಟಿನಲ್ಲಿ ಅವನ ಹೆಂಡತಿ ದೆಲ್ಫಿನಾ ಹೊಟ್ಟೆ ಹಿಡಿದುಕೊಂಡು ಕೂತಿದ್ದಳು.

"ಯಾವ ಪಟ್ಟಿ?"

"ನಾಟಕ ಬೇಡ. ಊರಿನ ನಲವತ್ತು ಹೆಂಗಸರಿಗೆ ಆ ರೋಗ ಅಂತಲ್ಲ... ಗಂಡನ ಬಿಟ್ಟು ತಿರುಗೋರಿಗೆ ಬರೋ ರೋಗ. ಹೆಸರು ಕೊಡು. ಆಮೇಲೆ ನಾವು ನೋಡ್ಕೋತೀವಿ."

ನೋಡ್ಕೊಳ್ಳೋದು ಅಂದರೇನು ಅಂತ ನನಗೆ ಗೊತ್ತು. ಹನ್ನೊಂದು ವರ್ಷ ಪೊಲೀಸಿನಲ್ಲಿದ್ದವಳು. ಬೆಳಿಗ್ಗೆಯಷ್ಟೇ ಬರೀ ಗುಮಾನಿ ಮೇಲೆ ಒಬ್ಬಳ ದವಡೆ ಮುರಿದಿದ್ದರು.

ನನ್ನನ್ನು ಕಳಿಸಿದ್ದು ರಾಜಧಾನಿ ತೆಗುಸಿಗಾಲ್ಪಾದ ಒಂದು ಲ್ಯಾಬು. ಅವರದ್ದೊಂದು ಹೊಸ ಟೆಸ್ಟ್. ಗರ್ಭಕೊರಳಿನ ಕ್ಯಾನ್ಸರ್ ತರೋ ವೈರಸ್ಸನ್ನು ಒಂದು ಗಂಟೇಲಿ ಹಿಡಿಯುತ್ತೆ. ಖರ್ಚು ಒಂದು ಹೊತ್ತಿನ ಊಟದಷ್ಟು. ಆದರೆ ಈ ಊರಿನ ನಲವತ್ತಕ್ಕೆ ನಲವತ್ತೂ ಪಾಸಿಟಿವ್! ಎಲ್ಲಾದರೂ ಉಂಟೇ? ಟೆಸ್ಟೇ ಕೆಟ್ಟಿದೆ, ಶುಕ್ರವಾರ ಲ್ಯಾಬಿಗೆ ಬಾಗಿಲು ಹಾಕಿ ಅಂದರು ಮೇಲಿನವರು. ಏನಾಗಿದೆ ನೋಡಿ ಬಾ ಅಂದಳು ಲ್ಯಾಬಿನ ಡಾಕ್ಟರ್.

ಎರಡು ದಿನ ಮನೆಮನೆ ಸುತ್ತಿದೆ. ಮೂವತ್ತೊಂಬತ್ತು ಜನರದ್ದೂ ಒಂದೇ ಮಾತು. "ನಾನು ಸ್ಯಾಂಪಲ್ ಕೊಡ್ಲೇ ಇಲ್ಲ ಅಕ್ಕ. ಗಂಡ ಬಿಡ್ಲಿಲ್ಲ."

ಉಳಿದವಳು ದೆಲ್ಫಿನಾ. ಊರಿನ ಆರೋಗ್ಯ ಕಾರ್ಯಕರ್ತೆ, ಟ್ಯೂಬು ತುಂಬಿಸಿ ಕಳಿಸಿದವಳು. ಮಧ್ಯಾಹ್ನ ಅತ್ತುಕೊಂಡು ಬಾಯಿಬಿಟ್ಟಳು. ಕೇಳಿದ ಕೂಡಲೇ ಅವಳನ್ನು ಗಾಡಿಗೆ ಹತ್ತಿಸಿದೆ.

ಈಗ ನಿಜ ಹೇಳಿದರೆ ಆ ಮೂವತ್ತೊಂಬತ್ತು ಹೆಂಗಸರು ಉಳೀತಾರೆ. ಇವಳು?

ಅವಳೇ ಹೇಳಿದಳು. "ಪಟ್ಟಿ ಗಿಟ್ಟಿ ಏನೂ ಇಲ್ಲ. ನಲವತ್ತೂ ನನ್ನದೇ."

"ಏನಂದೆ?"

"ನಲವತ್ತು ಸ್ಯಾಂಪಲ್ ಆಗದಿದ್ರೆ ಟೆಸ್ಟು ಬೇರೆ ಊರಿಗೆ ಹೋಗ್ತಿತ್ತು. ಯಾರನ್ನೂ ಕಳಿಸಬೇಡಿ ಅಂತ ನೀನೇ ಊರೆಲ್ಲ ಹೇಳ್ಕೊಂಡು ಬಂದೆ. ಅದಕ್ಕೆ ಎಲ್ಲಾ ಟ್ಯೂಬಿಗೂ ನನ್ನದೇ ತೆಗೆದು ಹಾಕ್ದೆ. ನಂಗೇನಾಗಿರುತ್ತೆ ಅಂದ್ಕೊಂಡೆ..."

ಟೆಸ್ಟ್ ಕೆಟ್ಟಿರಲಿಲ್ಲ. ಒಂದೇ ನಿಜವನ್ನು ನಲವತ್ತು ಸಲ ಹೇಳಿತ್ತು.

ಪಿಸ್ತೂಲು ಅವಳ ಕಡೆ ತಿರುಗಿತು. "ಯಾರವನು?"

"ಹದಿನೇಳು ವರ್ಷದಿಂದ ನಿನ್ನ ಬಿಟ್ಟು ಯಾರನ್ನೂ ಮುಟ್ಟಿಲ್ಲ. ಬಂದರಿಗೆ ಲಾರಿ ಓಡಿಸೋನು ನೀನು. ನೀನೇ ಹೇಳು."

ಬೈಕಿನವರು ನೆಲ ನೋಡಿದರು. ಅವರೂ ಲಾರಿಯವರೇ.

ಆಗ ಅವನ ಕಣ್ಣಿಗೆ ಸೀಟಿನ ಮೇಲಿನ ರಕ್ತ ಬಿತ್ತು. ಮೂರು ತಿಂಗಳಿಂದ ಹೋಗುತ್ತಿತ್ತಂತೆ. ವಯಸ್ಸಿನದು ಅಂತ ಸುಮ್ಮನಿದ್ದಳಂತೆ. ಊರಿಗೆಲ್ಲ ಬುದ್ಧಿ ಹೇಳುವವಳು!

ಅವನು ಕಿಟಕಿಯೊಳಗೆ ಬಗ್ಗಿದ. "ಇವಳು... ಸಾಯ್ತಾಳಾ?"

"ಕೆಳಗೆ ಆಸ್ಪತ್ರೇಲಿ ಡಾಕ್ಟರು ನಾಲ್ಕಕ್ಕೆ ಹೊರಡ್ತಾರೆ. ಈಗ ಮೂರಾಯ್ತು. ರೋಗದ ಮಾತು ಆಮೇಲೆ, ಎವರಿಸ್ತೋ. ಸದ್ಯಕ್ಕೆ ದಾರಿ ಕಟ್ಟಿ ಇವಳನ್ನ ಕೊಲ್ತಿರೋನು ನೀನು."