ಹೆಸರು ಅಳಿಸಿದ ಬ್ರಾಂಚ್

ಅಟ್ಲಾಂಟಾದ ಆಸ್ಪತ್ರೆಯೊಂದರಲ್ಲಿ ಒಬ್ಬ ಮುದುಕಿ ಸತ್ತಿದ್ದಳು. ಔಷಧಿ ಹತ್ತು ಪಟ್ಟು ಹೆಚ್ಚಾಗಿ ಹೋಗಿತ್ತು. ಪ್ರಮಾಣ ಮೀರಿದರೆ ತಡೆಯಬೇಕಿದ್ದ ಪ್ರೋಗ್ರಾಂ ತಡೆದಿರಲಿಲ್ಲ. ತಡೆಯುವ ಸಾಲುಗಳೇ ಅದರಲ್ಲಿರಲಿಲ್ಲ.

ಪ್ರೋಗ್ರಾಂ ಬರೆದದ್ದು ಅಮೆರಿಕದಲ್ಲೇ ಇದ್ದ, ಕ್ಯಾರಿ ಎಂಬ ಊರಿನ ಒಂದು ಸಣ್ಣ ಕಂಪನಿ. ಯಾವ ಸಾಲನ್ನು ಯಾರು ಯಾವಾಗ ಬದಲಿಸಿದರು ಎಂಬುದನ್ನು ಅಲ್ಲಿನ ಕಂಪ್ಯೂಟರ್ ತಾನೇ ಬರೆದಿಟ್ಟುಕೊಳ್ಳುತ್ತಿತ್ತು. ತಡೆ ಕಿತ್ತ ಬದಲಾವಣೆಯ ಪಕ್ಕದಲ್ಲಿ ಪ್ರೋಗ್ರಾಮರ್ ಸೋಮಲಿಂಗಪ್ಪನ ಹೆಸರಿತ್ತು.

“ಇನ್ನೇನು ಬೇಕು?” ಎಂದ ಟೀಮ್ ಲೀಡ್ ವೇಣುಗೋಪಾಲ. “ಸಂಜೆ ಅವನನ್ನ ಕಳಿಸ್ಬಿಡ್ತಾರೆ. ಕೆಲ್ಸ ಹೋದ್ರೆ ವೀಸಾನೂ ಹೋಯ್ತು. ಪಾಪ.”

“ಸಂಜೆ ಆಗಿಲ್ವಲ್ಲ,” ಎಂದಳು ವಿದ್ಯಾವತಿ. ಟೆಸ್ಟಿಂಗ್ ವಿಭಾಗ ಅವಳದು. ತನಿಖೆಯೂ ಅವಳಿಗೇ ಬಂದಿತ್ತು.

*

ಸೋಮಲಿಂಗಪ್ಪ ಆಗಲೇ ಮೇಜು ಖಾಲಿ ಮಾಡಿ ಕೂತಿದ್ದ.

“ತಡೆ ಯಾಕೆ ತೆಗೆದ್ರಿ?” ವಿದ್ಯಾವತಿ ಕೇಳಿದಳು.

“ನೆನಪಿಲ್ರಿ ಅಕ್ಕಾರ. ನನ್ನ ಹೆಸರೈತಂದ್ರ ನಾನ ತಗದಿರಬೇಕು.”

ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ.

ವಿದ್ಯಾವತಿ ಪರದೆ ನೋಡಿದಳು. ಅದೇ ನಿಮಿಷ, ಅದೇ ಹೆಸರಿನಲ್ಲಿ ನೂರಾರು ಸಾಲು ಬದಲಾಗಿದ್ದವು.

“ಒಂದು ನಿಮಿಷಕ್ಕೆ ಇಷ್ಟು ಟೈಪ್ ಮಾಡಿದ್ರಾ? ನಿಮಗೇನು ಹತ್ತು ಕೈನಾ?”

“ಅದು ಮರ್ಜ್ ರೀ. ಡೆಮೊ ಬ್ರಾಂಚ್‌ನ ಮೂಲಕ್ಕ ಸೇರಿಸು ಅಂದ್ರು ವೇಣು ಸರ್. ಸೇರಿಸಿದೆ.”

ಮೂಲ ಪ್ರೋಗ್ರಾಂ ಕೆಡದಂತೆ ಪಕ್ಕದಲ್ಲೊಂದು ಕವಲು ತೆಗೆದು ಕೆಲಸ ಮಾಡುವುದಕ್ಕೆ ಬ್ರಾಂಚ್ ಎನ್ನುತ್ತಾರೆ. ಮುಗಿದ ಮೇಲೆ ಅದನ್ನು ಮೂಲಕ್ಕೆ ಸೇರಿಸುವುದೇ ಮರ್ಜ್. ಬರೆದವರು ಯಾರೇ ಇರಲಿ, ಮೂಲದಲ್ಲಿ ಕಾಣುವುದು ಸೇರಿಸಿದವನ ಹೆಸರು.

*

“ಬ್ರಾಂಚಾ? ಅಂಥದ್ದೇನೂ ಇರ್ಲಿಲ್ಲ,” ಎಂದ ವೇಣುಗೋಪಾಲ. “ಬೇಕಾದ್ರೆ ಹುಡುಕಿ.”

ಹುಡುಕಿದಳು. ಆ ಬ್ರಾಂಚಿನ ಹೆಸರು ಎಲ್ಲೂ ಇರಲಿಲ್ಲ. ಹೆಸರು ಬಿಟ್ಟು, ಪ್ರತಿ ಬದಲಾವಣೆಗೂ ಕಂಪ್ಯೂಟರ್ ಕೊಡುವ ಸಂಖ್ಯೆಗಳನ್ನು ನೋಡಿದಳು.

ಮಾಲೀಕರ ಮುಂದೆ ಇಂಗ್ಲಿಷಿನಲ್ಲಿ ಹೇಳುವ ಮೊದಲು, ವೇಣುಗೋಪಾಲನ ಕೋಣೆಗೆ ಹೋಗಿ ಕನ್ನಡದಲ್ಲಿ ಹೇಳಿದಳು.

“ಮೂಲದ ಬದಲಾವಣೆಗೆ ಚುಕ್ಕಿ ಇಟ್ಟ ಎರಡು ಸಂಖ್ಯೆ, 1.14 ಥರ. ಬ್ರಾಂಚಿನದಕ್ಕೆ ನಾಲ್ಕು. ಇಲ್ನೋಡಿ, 1.14.2.3. ನೀವು ಅಳಿಸಿದ್ದು ಬ್ರಾಂಚಿನ ಹೆಸರನ್ನ ಮಾತ್ರ. ಬೋರ್ಡ್ ಕಿತ್ರೆ ರಸ್ತೆ ಹೋಗುತ್ತಾ ವೇಣು?”

ಆ ಸಂಖ್ಯೆಯ ಪಕ್ಕದಲ್ಲಿ ವೇಣುಗೋಪಾಲನ ಹೆಸರು. ಕೆಳಗೆ ಅವನದೇ ಟಿಪ್ಪಣಿ: ಗಿರಾಕಿಗಳಿಗೆ ತೋರಿಸುವ ಡೆಮೊ ನಡುವೆ ಪ್ರಮಾಣದ ಎಚ್ಚರಿಕೆ ಬಡಿದುಕೊಳ್ಳುತ್ತಿದೆ, ತಡೆಯನ್ನು ಸದ್ಯಕ್ಕೆ ತೆಗೆದಿದ್ದೇನೆ.

“ವಾಪಸ್ ಹಾಕೋಣ ಅಂತಾನೇ ಇದ್ದೆ,” ಎಂದ. “ಮರೆತೋಯ್ತು.”

“ಹಾಕೋದು ಮರೆತ್ರಿ, ಸರಿ. ಸಾವಿನ ಸುದ್ದಿ ಬಂದ ಬೆಳಿಗ್ಗೆ ಹೆಸರು ಅಳಿಸಿದ್ದೀರಿ. ಅದೂ ದಾಖಲಾಗಿದೆ. ಅದು ಮರೆವಲ್ಲ.”

ಅವನು ಕನ್ನಡಕ ತೆಗೆದು ಒರೆಸತೊಡಗಿದ. ನಿಲ್ಲಿಸಲೇ ಇಲ್ಲ.

*

“ತೆಗೆದದ್ದು ನೀವಲ್ಲ. ಕೆಲಸ ಉಳೀತು,” ಎಂದಳು ವಿದ್ಯಾವತಿ. “ಸಾಮಾನು ವಾಪಸ್ ಮೇಜಿನ ಮೇಲಿಡಿ. ಊಟ ಆಯ್ತಾ?”

ಸೋಮಲಿಂಗಪ್ಪ ಕಾಫಿ ಕಪ್ಪನ್ನು ಪೆಟ್ಟಿಗೆಯಿಂದ ತೆಗೆದು ಮೇಜಿನ ಮೇಲಿಟ್ಟ. ಪರದೆಯ ಮೇಲೆ ಸಾಲು ಸಾಲಿಗೂ ಒಂದೊಂದು ಹೆಸರಿತ್ತು.

“ಅಕ್ಕಾರ, ಆ ಅಜ್ಜಿ ಹೆಸರೇನ್ರಿ?”

ವಿದ್ಯಾವತಿಗೆ ಗೊತ್ತಿರಲಿಲ್ಲ. ಆಫೀಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.